ಮುಗಿಯುವ ತಾರೀಖಿನ ಕಾಲಂ

19 ಮೇ 1978, ಶುಕ್ರವಾರ. ಮೋರಟಗಿ

ಬೆಳಿಗ್ಗೆ ಹನ್ನೊಂದು ಮಕ್ಕಳಿಗೆ ಸೂಜಿ. ಹನ್ನೊಂದೂ ಅತ್ತವು, ಒಂದು ನನ್ನ ಕೈ ಕಚ್ಚಿತು. ಜೈತುನಬಿಗೆ ಏಳು ತಿಂಗಳು ತುಂಬುತ್ತಾ ಬಂತು. ಕೊಟ್ಟ ಕಬ್ಬಿಣದ ಗುಳಿಗೆಗಳನ್ನು ನುಂಗದೆ ಜೋಳದ ಗಡಿಗೆಯಲ್ಲಿ ಬಚ್ಚಿಟ್ಟಿದ್ದಾಳೆ ಎಂದು ಗಂಡ ಬಂದಗಿಸಾಬನೇ ಚಾಡಿ ಹೇಳಿದ. ಇಬ್ಬರನ್ನೂ ಬೈದೆ. ಸರಕಾರಿ ಡೈರಿಗೆ ಇಷ್ಟು ಸಾಕು. ಉಳಿದದ್ದು ಇಲ್ಲಿ.

ಹತ್ತೂವರೆ ಬಸ್ಸಿಗೆ ಸಿಂದಗಿ. ಬ್ಯಾಂಕಿನಲ್ಲಿ ಪಾಸ್‌ಬುಕ್ ಪೂರ್ತಿ ಬರೆಸಿದೆ. ಇಷ್ಟು ದಿನ ಕ್ಲಾರ್ಕ್ ಕೊನೆಯ ಮೊತ್ತವನ್ನಷ್ಟೇ ಪೆನ್ಸಿಲ್ಲಿನಲ್ಲಿ ಗೀಚಿ ಕೊಡುತ್ತಿದ್ದ, ನಾನೂ ಸುಮ್ಮನಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಓದಿದರೆ — ಏಪ್ರಿಲ್ ಐದು, ಹದಿನೆಂಟು ರೂಪಾಯಿ ಖರ್ಚು. ಮೇ ಐದು, ಮತ್ತೆ ಹದಿನೆಂಟು.

ಸೈಕಲ್ಲಿನ ಕಂತು! ಇಪ್ಪತ್ತು ಕಂತಿಗೆ ತೆಗೆದುಕೊಂಡ ಸೈಕಲ್ಲು. ಇಪ್ಪತ್ತನೆಯದು ಮಾರ್ಚಿಗೆ ಮುಗಿದಿದೆ. ಬೆರಳು ಮಡಚಿ ಎರಡು ಸಲ ಎಣಿಸಿದೆ. ಪಕ್ಕದ ಅಜ್ಜಿ ನನ್ನನ್ನು ನೋಡಿ "ಎಷ್ಟ ತಿಂಗಳವ್ವಾ?" ಎಂದಳು. ಹೆರಿಗೆ ಲೆಕ್ಕ ಅಲ್ಲಜ್ಜಿ, ಬ್ಯಾಂಕಿನ ಲೆಕ್ಕ ಎಂದೆ. ಅವಳಿಗೆ ಬೇಸರವಾಯಿತು.

ಮರೆಯಬಾರದೆಂದು ಬರೆದಿಡುತ್ತೇನೆ. 1976ರ ಜುಲೈಯಲ್ಲಿ ಸಿಂದಗಿಯ ಸೈಕಲ್ ಅಂಗಡಿ ಶಂಕ್ರೆಪ್ಪನವರ ಹತ್ತಿರ ಹಸಿರು ಲೇಡೀಸ್ ಸೈಕಲ್ ತೆಗೆದುಕೊಂಡೆ. ಕಂತನ್ನು ಅವರು ಕೈಯಲ್ಲಿ ಮುಟ್ಟುವುದಿಲ್ಲ. ಪ್ರತಿ ತಿಂಗಳು ಐದನೆಯ ತಾರೀಖು ನನ್ನ ಖಾತೆಯಿಂದ ತೆಗೆದು ಅವರ ಖಾತೆಗೆ ಹಾಕಿ ಎಂದು ಬ್ಯಾಂಕಿಗೆ ಫಾರ್ಮ್ ಬರೆದುಕೊಡಬೇಕು. ಸ್ಟ್ಯಾಂಡಿಂಗ್ ಆರ್ಡರ್ ಅನ್ನುತ್ತಾರೆ. ಅವ್ವ ತೆಂಗಿನಕಾಯಿ, ಊದಿನಕಡ್ಡಿ ಹಿಡಿದು ಅಗರಖೇಡದಿಂದ ಬಂದಿದ್ದಳು. ಶುರುವಾಗುವ ತಾರೀಖು ಬರೆದೆ. ಆಗಸ್ಟ್ ಐದು. ಮುಂದೆ ಮುಗಿಯುವ ತಾರೀಖು. ಪೆನ್ನು ಇಡುವಷ್ಟರಲ್ಲಿ ಅವ್ವ ಕೈ ಹಿಡಿದಳು.

"ಹೊಸಾ ಗಾಡಿ ಮನಿಗೆ ಬರೂ ದಿನಾ ಮುಗಿಯೂದನ್ನ ಬರೀತಾರೇನ? ಬ್ಯಾಡವ್ವಾ. ಖಾಲಿ ಬಿಡು."

ಊರೆಲ್ಲ ತಿರುಗಿ ಮೂಢನಂಬಿಕೆ ಬಿಡಿ ಎಂದು ಭಾಷಣ ಬಿಗಿಯುವ ನರ್ಸ್ ರೇವವ್ವ ಖಾಲಿ ಬಿಟ್ಟಳು. ಅವ್ವನ ಮುಖ ನೋಡಿ ಬಿಟ್ಟಳು. ಆ ಖಾಲಿ ಜಾಗ ಈಗ ತಿಂಗಳಿಗೆ ಹದಿನೆಂಟು ನುಂಗುತ್ತಿದೆ.

22 ಮೇ, ಸೋಮವಾರ

ಮೊದಲು ಶಂಕ್ರೆಪ್ಪನವರ ಅಂಗಡಿ. ನಕ್ಕರು. ಚಹಾ ತರಿಸಿದರು. ತಪ್ಪು ಮಾಡಿದವರು ಚಹಾ ತರಿಸುವಾಗ ಧಾರಾಳ.

"ಹೆಚ್ಚ ಬಂದೈತಿ ಅಂದ್ರ ಎಲ್ಲಿಗೂ ಹೋಗಿಲ್ಲ ಬಾಯಾರ. ನಮ್ಮಲ್ಲೇ ಐತಿ. ಒಂದ ಡೈನಮೋ ಹಾಕಿಸ್ಕೋರಿ, ಒಂದ ಛಲೋ ಕ್ಯಾರಿಯರ್ ಹಾಕಿಸ್ಕೋರಿ. ಇನ್ನ ಎರಡ ತಿಂಗಳು ಕಟ್ಟಿದ್ರ ಎಲ್ಲಾ ಬರೋಬ್ಬರಿ ಆಗತೈತಿ."

"ನನಗ ಡೈನಮೋ ಬ್ಯಾಡ್ರಿ. ರೊಕ್ಕ ಬೇಕು."

"ಮನ್ಯಾಗ ಯಾರರೆ ಗಂಡಸರಿದ್ರ ಕಳಸ್ರಿ. ಮಾತಾಡೂಣಂತ."

ಚಹಾ ಅರ್ಧಕ್ಕೇ ಇಟ್ಟು ಎದ್ದೆ. ಒಳ್ಳೆಯ ಚಹಾ, ಅದೊಂದೇ ದುಃಖ.

ಬ್ಯಾಂಕಿನಲ್ಲಿ ಅರ್ಜಿ ಕೊಟ್ಟೆ. ನಾನೇ ಬರೆದದ್ದು, ಕಾರ್ಬನ್ ಇಟ್ಟು ಎರಡು ಪ್ರತಿ. 'ನನ್ನ ಖಾತೆಯಿಂದ ಹಣ ಕೊಡಲು ಮಾಡಿದ ಸೂಚನೆಯನ್ನು ಈ ದಿನದಿಂದ ರದ್ದು ಮಾಡಿದ್ದೇನೆ. ಇನ್ನು ಮುಂದೆ ಕೊಡಬಾರದು.' ಕ್ಲಾರ್ಕ್ ತೆಗೆದುಕೊಂಡು ಇಟ್ಟ. ನಾನು ಕಿಟಕಿ ಬಿಡಲಿಲ್ಲ.

"ಇನ್ನೇನ್ರಿ?"

"ಪೋಚ್ ಕೊಡ್ರಿ. ಮುಟ್ಟೇತಿ ಅಂತ ಸಿಕ್ಕಾ ಹೊಡೀರಿ."

"ಬ್ಯಾಂಕಿನ ಮ್ಯಾಲ ನಂಬಿಕಿ ಇಲ್ಲೇನ್ರಿ?"

"ಲಸಿಕಿ ಡಬ್ಬಿ ತಂದ ಡ್ರೈವರನ ಕಡಿಂದನೂ ಸಹಿ ತಗೋತೇನಿ. ಅಂವಾ ನಮ್ಮ ಚಿಕ್ಕಪ್ಪನ ಮಗಾ."

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಸಿಕ್ಕಾ ಬಿತ್ತು. ಗುಂಡಗಿನ ಮುದ್ರೆ, ತಾರೀಖು ಸ್ಪಷ್ಟ. ಸಿಕ್ಕಾ ಬಿದ್ದ ಎರಡನೆಯ ಪ್ರತಿ ಮನೆಗೆ ಬಂದು ನನ್ನ ಪೆಟ್ಟಿಗೆ ಸೇರಿತು.

ಏಪ್ರಿಲ್, ಮೇ ಎರಡೂ ನನ್ನ ತಪ್ಪು. ಬ್ಯಾಂಕನ್ನು ಬೈಯುವಂತಿಲ್ಲ. ಅದನ್ನು ಶಂಕ್ರೆಪ್ಪನವರ ಕಡೆಯಿಂದಲೇ ವಸೂಲು ಮಾಡಬೇಕು. ಮಾಡುತ್ತೇನೆ.

3 ಜುಲೈ, ಸೋಮವಾರ

ತಿಂಗಳಿಗಿಂತ ಹೆಚ್ಚಾಯಿತು ಬರೆದು. ಜೂನ್ ಪೂರ್ತಿ ವಾಂತಿ-ಭೇದಿ, ಬಾವಿಗಳಿಗೆ ಪುಡಿ ಹಾಕುವುದು, ಹಾಕಿದ್ದಕ್ಕೆ ಬೈಸಿಕೊಳ್ಳುವುದು. ಸಿಂದಗಿ ಕಡೆ ಹೋಗಲೇ ಇಲ್ಲ.

ಇವತ್ತು ತಂಗಿ ಲಕ್ಕವ್ವನ ಕಾಗದ. ನರ್ಸ್ ಟ್ರೇನಿಂಗಿಗೆ ಸೀಟು ಸಿಕ್ಕಿತು! ವಿಜಾಪುರದಲ್ಲಿ, ಎರಡು ವರ್ಷ. ಕುರಿ ಕಾಯುವ ನಮ್ಮಪ್ಪ ಅಮಸಿದ್ದನ ಮನೆಯಲ್ಲಿ ಎರಡು ಬಿಳಿ ಸೀರೆ. ಕಾಗದವನ್ನು ಮೂರು ಸಲ ಓದಿದೆ, ಆಮೇಲೆ ಎದುರು ಮನೆಯವರಿಗೆ ಓದಿ ಹೇಳಿದೆ, ಆಮೇಲೆ ಯಾರೂ ಸಿಗದೆ ಮತ್ತೆ ನಾನೇ ಓದಿಕೊಂಡೆ.

ಹದಿನೈದನೆಯ ತಾರೀಖಿನೊಳಗೆ ಹಾಸ್ಟೆಲ್ಲಿಗೆ ನೂರು ರೂಪಾಯಿ ಕಟ್ಟಬೇಕು. ತಪ್ಪಿದರೆ ಸೀಟು ಮುಂದಿನವರಿಗೆ. ಮೇ, ಜೂನ್ ಎರಡೂ ಪಗಾರಕ್ಕೆ ಖಜಾನೆಯವರು ಏನೋ ಕೊಕ್ಕೆ ಹಾಕಿದ್ದಾರೆ, ಬರುವುದು ತಿಂಗಳ ಕೊನೆಗೆ. ಇರಲಿ. ಖಾತೆಯಲ್ಲಿ ನೂರಾ ಎಂಟಿದೆ. ಐದು ರೂಪಾಯಿ ಖಾತೆಯಲ್ಲೇ ಇರಬೇಕು, ಉಳಿದದ್ದು ತೆಗೆಯಬಹುದು. ಸಾಕು.

7 ಜುಲೈ, ಶುಕ್ರವಾರ. ಸಂಜೆ

ಸಾಲಲಿಲ್ಲ. ಎಪ್ಪತ್ತೆರಡೇ ಇದೆ. ಜೂನ್ ಐದು, ಹದಿನೆಂಟು. ಜುಲೈ ಐದು — ಮೊನ್ನೆ, ಮೊನ್ನೆ! — ಹದಿನೆಂಟು. ರದ್ದು ಎಂದು ಬರೆದುಕೊಟ್ಟ ಮೇಲೂ.

 ಸಿಟ್ಟಿಗೆ ನೆಟ್ಟಗೆ ಮ್ಯಾನೇಜರರ ಕೋಣೆಗೆ ನುಗ್ಗಿದೆ. 

ಮ್ಯಾನೇಜರ್ ದಕ್ಷಿಣದ ಕಡೆಯವರು, ಸಿಂದಗಿಗೆ ಬಂದು ಆರು ತಿಂಗಳು. ಮೆತ್ತಗೆ ಮಾತಾಡುತ್ತಾರೆ. ಮೆತ್ತಗೇ ಇಲ್ಲ ಎನ್ನುತ್ತಾರೆ.

"ನೋಡಿ ಅಮ್ಮ, ಇದು ಎರಡು ಪಾರ್ಟಿ ನಡುವಿನ ವ್ಯವಹಾರ. ಅಂಗಡಿಯವರು ಕಂತು ಮುಗಿದಿದೆ ಅಂತ ಒಪ್ಪಿಗೆ ಪತ್ರ ಕೊಡಲಿ. ಆಮೇಲೆ ನಿಲ್ಲಿಸೋಣ."

"ಅರ್ಜಿ ಕೊಟ್ಟು ಒಂದೂವರೆ ತಿಂಗಳಾತ್ರಿ."

"ಅರ್ಜಿ ಬಂದ ಹಾಗೆ ನನಗೆ ಕಾಣ್ತಾ ಇಲ್ಲ. ಅದೂ ಅಲ್ಲದೆ ಮುಗಿಯುವ ತಾರೀಖನ್ನು ನೀವೇ ಖಾಲಿ ಬಿಟ್ಟಿದ್ದೀರಿ. ಮನೆಯವರನ್ನು ಯಾರನ್ನಾದರೂ ಕರ್ಕೊಂಡು ಬನ್ನಿ, ಕೂತು ಮಾತಾಡೋಣ."

ಖಾಲಿ ಜಾಗದ ಮಾತು ನಿಜ. ಪೋಚಿನ ಪ್ರತಿ ಮೋರಟಗಿಯಲ್ಲಿ, ಪೆಟ್ಟಿಗೆಯಲ್ಲಿ. ಪಾಸ್‌ಬುಕ್ ಮಡಚಿ ಹೊರಗೆ ಬಂದೆ. ಇದನ್ನು ಬರೆಯಲೂ ನಾಚಿಕೆ.

ಮೆಟ್ಟಿಲ ಮೇಲೆ ಪ್ಯೂನ್ ಕಾಸಿಂಸಾಬ ಬೀಡಿ ಆರಿಸಿ ಎದ್ದು ನಿಂತ. ಅವನ ಮೊಮ್ಮಗ ಹುಟ್ಟಿದ್ದು ನನ್ನ ಕೈಯಲ್ಲೇ.

"ಬಾಯಾರ, ನಿಮ್ಮ ಅರ್ಜಿ ಬಂದೈತ್ರಿ. ನಾನ ಫೈಲಿಗೆ ಹಚ್ಚೇನಿ. ಆದ್ರ ಕಾರ್ಡ ಡಬ್ಬಿಯೊಳಗಿಂದ ಯಾರೂ ತಗದಿಲ್ಲ."

ಯಾವ ಡಬ್ಬಿ ಎಂದೆ. ಬಿಸ್ಕಿಟ್ ಡಬ್ಬಿಯಂತೆ! ಇಂಥ ಸೂಚನೆಗೆಲ್ಲ ಒಂದೊಂದು ಕಾರ್ಡು, ತಾರೀಖಿನ ಪ್ರಕಾರ ಡಬ್ಬಿಯಲ್ಲಿ ಜೋಡಿಸಿರುತ್ತಾರೆ. ಐದನೆಯ ತಾರೀಖು ಬಂದರೆ ಕ್ಲಾರ್ಕ್ ಐದರ ಕಾರ್ಡುಗಳನ್ನು ತೆಗೆದು, ದುಡ್ಡು ಬರೆದು, ಮತ್ತೆ ಇಡುತ್ತಾನೆ. ಫೈಲು ಯಾರೂ ನೋಡುವುದಿಲ್ಲ.

"ಅರ್ಜಿ ಫೈಲಿನ್ಯಾಗ ಮಲಗೇತ್ರಿ. ಕಾರ್ಡ ಡಬ್ಬ್ಯಾಗ ಎಚ್ಚರ ಐತಿ," ಎಂದ ಕಾಸಿಂಸಾಬ. "ನೀವು ಸಹಿ ಮಾಡಿದ ಫಾರ್ಮಿನ ಬೆನ್ನಿಗೆ ಇಂಗ್ಲೀಷಿನ್ಯಾಗ ಏನೇನೋ ಅಚ್ಚ ಹಾಕ್ಯಾರ ನೋಡ್ರಿ. ನನಗ ಓದಾಕ ಬರೂದಿಲ್ಲ. ಓದಾಕ ಬರೂವರು ಯಾರೂ ಓದೂದಿಲ್ಲ."

8 ಜುಲೈ, ಶನಿವಾರ. ಅಗರಖೇಡ

ಊರಿಗೆ ಬಂದೆ. ಹೇಳಲೇಬೇಕಿತ್ತು. ಲಕ್ಕವ್ವ ನನ್ನ ಹಳೆಯ ಟ್ರಂಕಿಗೆ ಆಗಲೇ ತನ್ನ ಹೆಸರು ಬರೆದುಕೊಂಡಿದ್ದಾಳೆ. ನನ್ನ ಹೆಸರನ್ನು ಅಳಿಸಿಲ್ಲ, ಕೆಳಗೆ ಬರೆದಿದ್ದಾಳೆ.

ಅಪ್ಪ ಪೂರ್ತಿ ಕೇಳಿ, ಕಂಬಳಿ ಕೊಡವಿ, "ಗುರುವಾರ ಸಂತಿಗೆ ಹಂಡ ಟಗರ ಹೊಡಕೊಂಡು ಹೋಗತೇನಿ" ಎಂದ.

ಹಂಡ ಟಗರು, ಕಪ್ಪು-ಬಿಳಿ ಮಚ್ಚೆಯದು. ಹುಟ್ಟಿದಾಗ ತಾಯಿ ಸತ್ತು, ಅಪ್ಪ ಬತ್ತಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ಅಪ್ಪ ಕೂತರೆ ಕೂಡುತ್ತದೆ, ಎದ್ದರೆ ಏಳುತ್ತದೆ.

"ನನ್ನ ರೊಕ್ಕ ಬ್ಯಾಂಕಿನ್ಯಾಗ ಐತಪಾ. ಟಗರ ಯಾಕ ಮಾರ್ತಿ?"

"ಬ್ಯಾಂಕಿನ ಕೂಡ ಯಾರ ಜಗಳ ಆಡ್ತಾರ?"

"ನಾ ಆಡ್ತೇನಿ. ಮಂಗಳವಾರ ಹೋಗತೇನಿ, ಬುಧವಾರತನಕ ತಡಿ."

ಅವ್ವ ಒಲೆ ಮುಂದಿನಿಂದ ಏಳಲಿಲ್ಲ. ರೊಟ್ಟಿ ಸೀಯಿತು. ಅವಳ ರೊಟ್ಟಿ ಸೀದದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಅಂದಳು, "ನಾ ಅವತ್ತ ಕೈ ಹಿಡೀಬಾರದಿತ್ತು. ಓದಿದ ಮಗಳ ಕೈ."

ಬಿಡು ಅವ್ವಾ, ಖಾಲಿ ಬಿಟ್ಟದ್ದು ನನ್ನ ಪೆನ್ನು ಎಂದೆ. ಅವಳು ಮುಖ ತಿರುಗಿಸಿದಳು.  ಮೂವತ್ತಾರು ರೂಪಾಯಿ ಹೋದರೂ ಹೋಗಲಿ, ಅವ್ವ ತಲೆ ತಗ್ಗಿಸಿದ್ದನ್ನು ನೋಡಲಾರೆ. ಇಲ್ಲ, ಮೂವತ್ತಾರೂ ಹೋಗಬಾರದು.

9 ಜುಲೈ, ಭಾನುವಾರ. ಮೋರಟಗಿ

ಫಾರ್ಮಿನ ನಕಲು ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ನಾನು ಬಸ್ ಟಿಕೀಟನ್ನೂ ಬಿಸಾಡುವವಳಲ್ಲ. ಲಕ್ಕವ್ವ ನಗುತ್ತಾಳೆ, ನಗಲಿ.

ಬೆನ್ನಿಗೆ ಇರುವೆಯಂಥ ಅಕ್ಷರ, ಏಳು ಕಲಮು. ಡಿಕ್ಷನರಿ ಇಟ್ಟುಕೊಂಡು ಮಧ್ಯಾಹ್ನದಿಂದ ಓದಿದೆ. ಆರು ಕಲಮಿನಲ್ಲಿ ಬ್ಯಾಂಕು ಯಾವುದಕ್ಕೆಲ್ಲ ಜವಾಬ್ದಾರಿ ಅಲ್ಲ ಅಂತಲೇ ಇದೆ. ಐದನೆಯದು ಬೇರೆ. ನಾಲ್ಕು ಸಲ ಓದಿ ಕನ್ನಡ ಮಾಡಿಕೊಂಡೆ:

'ಖಾತೆದಾರರು ಈ ಸೂಚನೆಯನ್ನು ಯಾವಾಗ ಬೇಕಾದರೂ ಲಿಖಿತವಾಗಿ ತಿಳಿಸಿ ರದ್ದು ಮಾಡಬಹುದು. ತಿಳಿಸಿದ್ದು ಬ್ಯಾಂಕಿಗೆ ಮುಟ್ಟಿದ ಮೇಲೆ ಹಣ ಕೊಡತಕ್ಕದ್ದಲ್ಲ.'

ಖಾತೆದಾರರು. ಅಂಗಡಿಯವರು ಅಂತಿಲ್ಲ. ಗಂಡಸರು ಅಂತಂತೂ ಇಲ್ಲವೇ ಇಲ್ಲ. ಮುಗಿಯುವ ತಾರೀಖು ಬರೆದವರು ಮಾತ್ರ ಅಂತಲೂ ಇಲ್ಲ. ಶಂಕ್ರೆಪ್ಪನವರಿಗೆ ನನ್ನಿಂದ ಬರಬೇಕಾದದ್ದಿದ್ದರೆ ಅವರು ನನ್ನನ್ನು ಕೇಳಲಿ, ಅದು ಬೇರೆ ಮಾತು. ಬ್ಯಾಂಕಿಗೆ ಹುಕುಮು ಕೊಡುವವಳು ನಾನು.

ಎದ್ದು ಕೋಣೆಯಲ್ಲಿ ನಾಲ್ಕು ಹೆಜ್ಜೆ ಕುಣಿದೆ. ಯಾರೂ ನೋಡಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

11 ಜುಲೈ, ಮಂಗಳವಾರ

ಎಲ್ಲವನ್ನೂ ಬರೆಯಬೇಕು. ಒಂದೂ ಬಿಡಬಾರದು.

ಸಿಂದಗಿಯಲ್ಲಿ ಬಸ್ಸಿಳಿದರೆ ಅಪ್ಪ ನಿಂತಿದ್ದಾನೆ. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು. ನಸುಕಿನಲ್ಲೇ ಬಂದನಂತೆ. "ಗಂಡಸರು ಬೇಕಂತ ಅಂದಾರಂತಲ್ಲ, ಬಂದೇನಿ" ಎಂದ. ನನಗೆ ಸಿಟ್ಟು ಬಂತು, ಅಳುವೂ ಬಂತು, ಎರಡನ್ನೂ ನುಂಗಿದೆ.

ಮ್ಯಾನೇಜರ್ ಅಪ್ಪನನ್ನು ನೋಡಿ ಮುಖ ಅರಳಿಸಿದರು. ಕುರ್ಚಿ ಎಳೆದರು. ನನಗೆ ಮೊನ್ನೆ ಎಳೆದಿರಲಿಲ್ಲ.

"ಬನ್ನಿ ಯಜಮಾನರೇ, ಕೂತ್ಕೊಳ್ಳಿ. ಏನಾಗಿದೆ ಅಂದ್ರೆ—"

ಅಪ್ಪ ಕೂಡಲಿಲ್ಲ. "ಖಾತೆ ನಂದಲ್ರಿ ಸಾಹೇಬ್ರ. ಆಕಿದು. ಆಕಿ ಕೂಡ ಮಾತಾಡ್ರಿ. ನಾ ಕೇಳಾಕ ಬಂದೇನಿ."

ಹೆಬ್ಬೆಟ್ಟು ಒತ್ತುವ ನನ್ನಪ್ಪ. ಕುರ್ಚಿಯನ್ನು ಕೋಲಿನಿಂದ ನನ್ನ ಕಡೆ ಸರಿಸಿದ. ಕೂತೆ. ಮಹಾರಾಣಿಯೂ ಅಷ್ಟು ನೆಟ್ಟಗೆ ಕೂತಿರಲಿಕ್ಕಿಲ್ಲ.

ಮೊದಲು ಪೋಚಿನ ಪ್ರತಿ ಇಟ್ಟೆ. ಮೇ ಇಪ್ಪತ್ತೆರಡರ ಸಿಕ್ಕಾ. ಆಮೇಲೆ ಫಾರ್ಮಿನ ನಕಲು, ಬೆನ್ನು ಮೇಲೆ ಮಾಡಿ, ಐದನೆಯ ಕಲಮಿಗೆ ಬೆರಳಿಟ್ಟು. ಇಂಗ್ಲೀಷಿನಲ್ಲೇ ಓದಿದೆ. ಒಂದು ಶಬ್ದ ತಪ್ಪಿತು, ಅವರು ತಿದ್ದಲಿಲ್ಲ.

"ಮುಗಿಯೂ ತಾರೀಖ ಖಾಲಿ ಬಿಟ್ಟದ್ದು ನನ್ನ ತಪ್ಪ್ರಿ. ಅದಕ್ಕ ಏಪ್ರಿಲ್, ಮೇ ನಿಮ್ಮನ್ನ ಕೇಳೂದಿಲ್ಲ. ಆದ್ರ ಇಪ್ಪತ್ತೆರಡಕ್ಕ ನಿಲ್ಲಸ್ರಿ ಅಂತ ಹೇಳೇನಿ. ಆಮ್ಯಾಲ ಕೊಟ್ಟದ್ದು ನನ್ನ ರೊಕ್ಕ ಅಲ್ಲ, ನಿಮ್ಮ ರೊಕ್ಕ ಕೊಟ್ಟೀರಿ. ನನ್ನ ಮೂವತ್ತಾರು ನನ್ನ ಖಾತೆಗೆ ಹಾಕ್ರಿ."

ಅವರು ಓದಿದರು. ತಿರುಗಿಸಿ ಮತ್ತೆ ಓದಿದರು. ಫೈಲು ತರಿಸಿದರು. ಕಾಸಿಂಸಾಬ ತಂದ, ಮುಖ ಗೋಡೆಯ ಹಾಗೆ, ಏನೂ ಗೊತ್ತಿಲ್ಲದವನು. ಅರ್ಜಿ ಅಲ್ಲೇ ಇತ್ತು.

"ಕಾರ್ಡ್?" ಎಂದರು ಮ್ಯಾನೇಜರ್.

ಕ್ಲಾರ್ಕ್ ಡಬ್ಬಿ ತಂದ. ಮುಚ್ಚಳದ ಮೇಲೆ ಗುಲಾಬಿ ಹೂವಿನ ಚಿತ್ರ. ಐದರ ಕಟ್ಟಿನಲ್ಲಿ ನನ್ನ ಕಾರ್ಡು, ಕೆಂಪಗೆ ಇನ್ನೂ ಹೊಸದರ ಹಾಗಿದೆ.

ನಿಜ ಬರೆಯಬೇಕು. ಆ ಮನುಷ್ಯ ಕೆಟ್ಟವರಲ್ಲ. ಕ್ಲಾರ್ಕನ ಮೇಲೆ ಕೂಗಾಡಲಿಲ್ಲ. ಕಾರ್ಡಿನ ಮೇಲೆ ತಾವೇ ಅಡ್ಡ ಗೆರೆ ಎಳೆದು, 'ರದ್ದು' ಎಂದು ಬರೆದು, ಸಹಿ ಮಾಡಿದರು.

"ತಪ್ಪು ನಮ್ಮದು, ಸಿಸ್ಟರ್. ಅಂಗಡಿಯವರ ಹತ್ತಿರ ನಾವು ವಸೂಲು ಮಾಡ್ಕೋತೀವಿ. ನಿಮ್ಮ ದುಡ್ಡು ಈಗಲೇ ಹಾಕಿಸ್ತೀನಿ."

ಅಮ್ಮ ಹೋಗಿ ಸಿಸ್ಟರ್ ಆಯಿತು. ಪಾಸ್‌ಬುಕ್ಕಿನಲ್ಲಿ ಜಮಾ ಮೂವತ್ತಾರು. ಅಲ್ಲೇ ಸ್ಲಿಪ್ ಬರೆದು ನೂರು ತೆಗೆದೆ. ಏಳುವಾಗ ಪೋಚಿನ ಪ್ರತಿಯನ್ನು ಫೈಲಿಗೆ ಬಿಟ್ಟು ಹೋಗಿ ಎಂದರು. ಆಗೂದಿಲ್ರಿ ಎಂದೆ. ನಕ್ಕರು. ನಾನೂ ನಕ್ಕೆ, ಪ್ರತಿ ಮಡಚಿ ಚೀಲದಲ್ಲಿಟ್ಟುಕೊಂಡೆ.

ಹೊರಗೆ ಅಪ್ಪ ಬಸ್‌ಸ್ಟ್ಯಾಂಡಿನ ತನಕ ಕೋಲೂರಿಕೊಂಡು ನಡೆದ. ಆಮೇಲೆ ಕೇಳಿದ, "ಆ ಇಂಗ್ಲೀಷಿನ್ಯಾಗ ಓದಿದ್ಯಲ್ಲ, ಅದನ್ನ ಮತ್ತೊಮ್ಮಿ ಓದು."

ಬಸ್‌ಸ್ಟ್ಯಾಂಡಿನಲ್ಲಿ ಜನರ ನಡುವೆ ನಿಂತು ಓದಿದೆ. ಅವನಿಗೆ ಒಂದು ಅಕ್ಷರ ಅರ್ಥವಾಗಲಿಲ್ಲ. ಕಣ್ಣು ತುಂಬಿದ್ದವು. "ಹಂಡಗ ಹೇಳತೇನಿ, ಉಳಕೊಂಡ್ಯಲೇ ಮಗನ ಅಂತ," ಎಂದ.

15 ಜುಲೈ, ಶನಿವಾರ

ಲಕ್ಕವ್ವ ಗುರುವಾರವೇ ವಿಜಾಪುರ ಸೇರಿದಳು. ನೂರು ಕಟ್ಟಿ ರಸೀದಿ ತೆಗೆದುಕೊಂಡಿದ್ದಾಳೆ. ರಸೀದಿಯಲ್ಲಿ ಅವಳ ಹೆಸರು ತಪ್ಪಾಗಿತ್ತಂತೆ, ತಿದ್ದಿಸಿ, ತಿದ್ದಿದ ಕಡೆ ಸಹಿ ಹಾಕಿಸಿಕೊಂಡಳಂತೆ. ನನ್ನ ತಂಗಿ.

ಶಂಕ್ರೆಪ್ಪನವರೇ ಚೀಟಿ ಕಳಿಸಿದ್ದರು, ಬಂದು ಹೋಗಿ ಎಂದು. ಬ್ಯಾಂಕಿನವರು ಅವರ ಕಿವಿಗೆ ಹಾಕಿರಬೇಕು. ಏಪ್ರಿಲ್-ಮೇ ಎರಡು ಕಂತಿನ ರೊಕ್ಕ ಕಾಗದದಲ್ಲಿ ಸುತ್ತಿ ಕೊಟ್ಟರು. ಸೈಕಲ್ಲಿನ ಬಾಕಿ ಏನೂ ಇಲ್ಲ ಎಂದು ಬರೆಸಿ ಸಹಿ ಮಾಡಿಸಿಕೊಂಡೆ.

"ಅವತ್ತ ಗಂಡಸರನ್ನ ಕಳಸ್ರಿ ಅಂದೆ, ಸಿಟ್ಟಾಗಬ್ಯಾಡ್ರಿ ಬಾಯಾರ."

"ನಮ್ಮಪ್ಪ ಬಂದಿದ್ದರಿ. ಅಂವಾ ನನ್ನ ಕೂಡ ಮಾತಾಡ್ರಿ ಅಂದ."

ಚಹಾ ತರಿಸಿದರು. ಈ ಸಲ ಪೂರ್ತಿ ಕುಡಿದೆ.

5 ಆಗಸ್ಟ್, ಶನಿವಾರ. ಸಂಜೆ ಆರು

ಐದನೆಯ ತಾರೀಖು. ಬೇಕೆಂದೇ ಇವತ್ತು ಹೋದೆ. ನಿನ್ನೆ ಮೋರಟಗಿಗೆ ಬಂದ ಅವ್ವನನ್ನೂ ಕರೆದುಕೊಂಡು ಹೋದೆ. ಬರಲೊಲ್ಲೆ ಎಂದಳು, ಎಳೆದುಕೊಂಡು ಹೋದೆ.

ಪಾಸ್‌ಬುಕ್ ಬರೆಸಿದೆ. ಪಗಾರ ಜಮಾ. ಅದರ ಕೆಳಗೆ ಏನೂ ಇಲ್ಲ. ಹದಿನೆಂಟು ಇಲ್ಲ! ಅವ್ವನಿಗೆ ಬೆರಳಿಟ್ಟು ತೋರಿಸಿದೆ. ಖಾಲಿ ಜಾಗವನ್ನು ಅವಳು ಬಹಳ ಹೊತ್ತು ನೋಡಿದಳು.

ಆಮೇಲೆ ಬಂದ ಕೆಲಸ. ಲಕ್ಕವ್ವನ ಹಾಸ್ಟೆಲ್ಲಿನ ಊಟಕ್ಕೆ ತಿಂಗಳು ತಿಂಗಳು ಮೂವತ್ತು ಕಳಿಸಬೇಕು. ಮನಿಯಾರ್ಡರಿಗೆ ಪ್ರತಿ ಸಲ ಪೋಸ್ಟಿನವರ ಮುಂದೆ ನಿಲ್ಲಲು ನನಗೆ ಪುರುಸೊತ್ತಿಲ್ಲ. ಮತ್ತೆ ಅದೇ ಫಾರ್ಮ್ ಕೇಳಿದೆ. ಕ್ಲಾರ್ಕ್ ನನ್ನ ಮುಖ ನೋಡಿದ.

"ಮತ್ತ ಸ್ಟ್ಯಾಂಡಿಂಗ್ ಆರ್ಡರ್ ಏನ್ರಿ?"

"ಯಾಕ್ರಿ? ಶುರು ಮಾಡಾಕ ನನ್ನ ಸಹಿ, ನಿಲ್ಲಸಾಕ ನನ್ನ ಸಹಿ. ಅಂಜಿಕಿ ಯಾತಕ್ಕ?"

ಕಾಸಿಂಸಾಬ ಹಿಂದಿನಿಂದ ಕೆಮ್ಮಿದ. ನಗುವುದನ್ನು ಅವನು ಹಾಗೆ ಮುಚ್ಚುತ್ತಾನೆ.

ಹೆಸರು ಬರೆದೆ. ಶುರುವಾಗುವ ತಾರೀಖು ಬರೆದೆ. ಮುಗಿಯುವ ತಾರೀಖಿನ ಕಾಲಮಿಗೆ ಬಂದಾಗ ನನ್ನ ಪೆನ್ನು ತಾನಾಗಿಯೇ ನಿಂತಿತು. ಅವ್ವನ ಕಡೆ ನೋಡಲಿಲ್ಲ. ನೋಡಿದರೆ ಅವಳಿಗೆ ಮತ್ತೆ ಅದೇ ನೆನಪಾದೀತು. ಸೆರಗಿನ ಗಂಟು ಬಿಚ್ಚಿ ಕಟ್ಟುತ್ತಿದ್ದಳು, ಬಳೆ ಸದ್ದು ಕೇಳುತ್ತಿತ್ತು.

"ಯಾಕ ನಿಂತಿ? ಬರಿ," ಎಂದಳು.

"ಏನ ಬರೀಲಿ?"

"ಮುಗಿಯೂ ತಾರೀಖ. ಅವತ್ತ ಏನಾಗತೈತಿ?"

"ಲಕ್ಕವ್ವನ ಟ್ರೇನಿಂಗ್ ಮುಗಿತೈತಿ."

"ಹಂಗಾರ ಅವತ್ತ ಆಕಿ ನರ್ಸ ಆಗತಾಳ. ದೊಡ್ಡ ಅಕ್ಷರದಾಗ ಬರಿ."

ಬರೆದೆ. 5 ಜುಲೈ 1980. ಅವ್ವ ಬಗ್ಗಿ, ಓದಲು ಬಾರದ ಆ ಅಂಕಿಗಳ ಮೇಲೆ ಶಾಯಿ ಆರುವ ತನಕ ಊದಿದಳು. ಕಿಟಕಿಯ ಮುಂದೆ ಸಾಲು ನಿಂತಿತ್ತು, ನಿಲ್ಲಲಿ ಎಂದು ಬಿಟ್ಟೆ. ನಕಲಿನ ಮೇಲೆ ಸಿಕ್ಕಾ ಹೊಡೆಸಲು ಕೈ ಚಾಚುವಷ್ಟರಲ್ಲಿ ಅವ್ವನೇ ಕ್ಲಾರ್ಕನಿಗೆ ಅಂದಳು, "ಪೋಚ್ ಕೊಡ್ರಿ ಸಾಹೇಬ್ರ."

ನಾನು

ಹೊರಗೆ ಬೆಲ್. ಬಂದಗಿಸಾಬ ನನ್ನ ಸೈಕಲ್ಲಿನ ಬೆಲ್ಲನ್ನೇ ಹೊಡೆಯುತ್ತಿದ್ದಾನೆ. ಜೈತುನಬಿಗೆ ನೋವು ಶುರುವಾಗಿದೆಯಂತೆ. ಅವ್ವ ಆಗಲೇ ಹೆರಿಗೆ ಪೆಟ್ಟಿಗೆ ಕ್ಯಾರಿಯರಿಗೆ ಕಟ್ಟುತ್ತಿದ್ದಾಳೆ, ಕೂಗುತ್ತಿದ್ದಾಳೆ — ಬಂದೆ ಅವ್ವಾ, ಬಂ